ಸೀನ್‌ಗೆ ಹೋದರೂ ನನ್ನನ್ನು ಯಾರೂ ಮಾತಾಡಿಸಲ್ಲ, ಏನು ಮಾಡಲಿ?

ಟೈಪ್ ಮಾಡಿಯೇ ಆಡುವ ಆನ್‌ಲೈನ್ ರೋಲ್‌ಪ್ಲೇ ಆಟಗಳ ಬಗ್ಗೆ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವುಗಳ ದೂರು ಒಂದೇ: ಕಥೆಯಲ್ಲಿ ನನಗೆ ಜಾಗ ಸಿಗುತ್ತಿಲ್ಲ. ಒಬ್ಬರದು ಮಾತ್ರ ಉಲ್ಟಾ, ಜಾಗವೆಲ್ಲ ಅವರೇ ಹಿಡಿದಿದ್ದಾರೆ ಅನ್ನುವ ಆರೋಪ. ಅವರ ಪತ್ರವನ್ನು ಎರಡನೆಯದಾಗಿ ಇಟ್ಟಿದ್ದೇನೆ.

ಪ್ರಶ್ನೆ: ಮಶ್ ಮಾದರಿಯ, ಅಂದರೆ ಎಲ್ಲರೂ ಸೇರಿ ಬರೆದು ಕಥೆ ಕಟ್ಟುವ ಆಟವೊಂದಕ್ಕೆ ಸೇರಿ ಎರಡು ತಿಂಗಳಾಯಿತು. ಪಾತ್ರಕ್ಕೆ ನಾಲ್ಕು ಪುಟ ಹಿನ್ನೆಲೆ ಬರೆದಿದ್ದೇನೆ. ಬಾವಿಗೆ ವಿಷ ಹಾಕಿದವರು ಯಾರು ಅನ್ನುವ ದೊಡ್ಡ ಪ್ಲಾಟ್ ನಡೀತಿದೆ, ಅದರಲ್ಲಿ ಯಾವಾಗಲೂ ಅದೇ ಐದಾರು ಜನ. ನಾನು ಹೋಗಿ ಪೋಸ್ (ನನ್ನ ಪಾತ್ರ ಏನು ಮಾಡಿತು, ಏನಂದಿತು ಎಂದು ಬರೆದ ತುಣುಕು) ಹಾಕಿದರೆ ಒಬ್ಬರು ತಲೆಯಾಡಿಸುತ್ತಾರೆ, ಆಮೇಲೆ ಅವರವರದ್ದೇ ಮಾತು. ಇದು ಗುಂಪುಗಾರಿಕೆ ಅಲ್ಲವೇ?

ಇರಬಹುದು. ಗುಂಪುಗಾರಿಕೆ ಇಲ್ಲದ ಆಟವನ್ನು ನಾನಂತೂ ಕಂಡಿಲ್ಲ. ಆದರೆ ನೀವು ಜೊತೆಗೆ ಕಳಿಸಿರುವ ಲಾಗ್, ಅಂದರೆ ಸೀನ್‌ನಲ್ಲಿ ಎಲ್ಲರೂ ಬರೆದದ್ದರ ದಾಖಲೆ, ಓದಿದರೆ ಇನ್ನೊಂದು ಕಾರಣವೂ ಕಾಣುತ್ತದೆ. ನಿಮ್ಮ ಪ್ರವೇಶದ ಪೋಸ್ ಇದು:

"ಕಪ್ಪು ಮುಸುಕು ಹೊದ್ದ ಅವಳು ಒಳಗೆ ಬಂದು, ಯಾರ ಕಣ್ಣಿಗೂ ಬೀಳದಂತೆ ಮೂಲೆಯಲ್ಲಿ ಕೂರುತ್ತಾಳೆ. ಹಳೆಯ ನೆನಪುಗಳು ಅವಳನ್ನು ಕಾಡುತ್ತಿವೆ."

ಬರವಣಿಗೆಯಲ್ಲಿ ಕುಂದಿಲ್ಲ. ಆದರೆ ಎದುರಿಗಿರುವ ಆಟಗಾರನ ಜಾಗದಲ್ಲಿ ಕೂತು ನೋಡಿ. ಅವನ ಪಾತ್ರ ಇದಕ್ಕೆ ಏನು ಮಾಡಬೇಕು? ಕಣ್ಣಿಗೆ ಬೀಳಲಿಲ್ಲ ಎಂದು ನೀವೇ ಬರೆದಿರುವುದರಿಂದ ಅವನು ನೋಡುವಂತಿಲ್ಲ. ನೆನಪು ಅವಳ ತಲೆಯೊಳಗಿದೆ, ಕೇಳುವಂತಿಲ್ಲ. ಆತ ತಲೆಯಾಡಿಸಿದ್ದೇ ದೊಡ್ಡದು.

ಅದೇ ಪಾತ್ರ, ಅದೇ ಪ್ರವೇಶವನ್ನು ಹೀಗೆ ಬರೆದರೆ?

"ಒಳಗೆ ಬಂದವಳೇ ನೀರಿನ ಹೂಜಿ ಎತ್ತಿ ಮೂಸಿ ನೋಡುತ್ತಾಳೆ. ಕುಡಿಯದೆ ಹಾಗೇ ಕೆಳಗಿಡುತ್ತಾಳೆ. 'ಈ ನೀರು ಯಾವ ಬಾವಿದು?' ಎಂದು ಪಕ್ಕದಲ್ಲಿ ಕೂತ ವೈದ್ಯನನ್ನು ಕೇಳುತ್ತಾಳೆ."

ಈಗ ವೈದ್ಯ ಉತ್ತರ ಹೇಳಲೇಬೇಕು. ಹೂಜಿ ಎಲ್ಲರಿಗೂ ಕಾಣುತ್ತಿದೆ, ಇನ್ನೊಬ್ಬ ಅದನ್ನು ಕಿತ್ತುಕೊಂಡು ಕುಡಿಯಬಹುದು, ಮತ್ತೊಬ್ಬಳು "ನಿನಗೆ ಹೇಗೆ ಗೊತ್ತು?" ಎಂದು ಅನುಮಾನ ಪಡಬಹುದು. ನಿಮ್ಮ ಪಾತ್ರದ ನಿಗೂಢತೆಗೆ ಏನೂ ಆಗಿಲ್ಲ, ಅದು ಇನ್ನಷ್ಟು ಹೆಚ್ಚಿದೆ. ಪ್ರತಿ ಪೋಸ್ ಕಳಿಸುವ ಮುಂಚೆ ಒಮ್ಮೆ ನೋಡಿಕೊಳ್ಳಿ: ಇದರಲ್ಲಿ ಬೇರೆಯವರು ಹಿಡಿದುಕೊಳ್ಳುವಂಥದ್ದು ಏನಿದೆ? ಒಂದು ಪ್ರಶ್ನೆ, ಒಂದು ವಸ್ತು, ಒಂದು ಸುದ್ದಿ, ಅಥವಾ ನಿಮ್ಮ ಪಾತ್ರ ಮಾಡಿದ ಒಂದು ಎಡವಟ್ಟು. ಏನೂ ಇಲ್ಲದಿದ್ದರೆ ಅದು ಅಲಂಕಾರ ಮಾತ್ರ.

ಈ ಆಟಗಳ ಹುಟ್ಟು ತಿಳಿದಿದ್ದರೆ ಇದು ಬೇಗ ಅರ್ಥವಾಗುತ್ತದೆ. ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ 1978ರಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ, ರಿಚರ್ಡ್ ಬಾರ್ಟಲ್ ಮುಂದುವರಿಸಿದ ಮೊದಲ 'ಮಡ್' (ಹಲವರು ಒಟ್ಟಿಗೆ ಟೈಪ್ ಮಾಡಿ ಆಡುವ) ಆಟದಲ್ಲಿ ನಿಧಿ ಇತ್ತು, ಅಂಕ ಇತ್ತು, ಹೊಡೆದಾಟ ಇತ್ತು. ಒಬ್ಬರೇ ಕೂತರೂ ಮಾಡಲು ಏನಾದರೂ ಸಿಗುತ್ತಿತ್ತು. 1989ರಲ್ಲಿ ಕಾರ್ನೆಗಿ ಮೆಲನ್‌ನಲ್ಲಿ ಜೇಮ್ಸ್ ಆಸ್ಪ್ನೆಸ್ ಬರೆದ ಟೈನಿಮಡ್ ಆ ಹೊಡೆದಾಟವನ್ನೆಲ್ಲ ಹೆಚ್ಚುಕಡಿಮೆ ಕಿತ್ತುಹಾಕಿ, ಮಾತಾಡುವುದನ್ನೂ ಜಾಗ ಕಟ್ಟುವುದನ್ನೂ ಉಳಿಸಿಕೊಂಡಿತು. ನೀವು ಆಡುವ ಮಶ್ ಆ ವಂಶದ್ದು. ಅಲ್ಲಿ ಯಂತ್ರ ನಿಮಗೆ ಸರದಿ ಕೊಡುವುದಿಲ್ಲ. ಕೊಡಬೇಕಾದವರು ಎದುರಿಗಿರುವ ಮನುಷ್ಯರು. ಹತ್ತು ನಿಮಿಷ ಕೂತು ಒಂದು ಪೋಸ್ ಟೈಪ್ ಮಾಡುವ ಅವರು, ಯಾವುದಕ್ಕೆ ಉತ್ತರಿಸುವುದು ಸುಲಭವೋ ಅದಕ್ಕೆ ಉತ್ತರಿಸುತ್ತಾರೆ. ಹಳೆಯ ಗೆಳೆಯರ ಪಾತ್ರಕ್ಕೆ ಉತ್ತರಿಸುವುದು ಯಾವತ್ತೂ ಸುಲಭ. ಹೊರಗಿನಿಂದ ಗುಂಪುಗಾರಿಕೆಯಂತೆ ಕಾಣುವುದರಲ್ಲಿ ಬಹುಪಾಲು ಈ ಸೋಮಾರಿತನವೇ.

ಇನ್ನು ಪ್ಲಾಟ್ ಒಳಗೆ ಹೋಗುವ ವಿಷಯ. ಆ ನಾಲ್ಕು ಪುಟ ಯಾರೂ ಓದಿಲ್ಲ, ಬೇಸರ ಮಾಡಿಕೊಳ್ಳಬೇಡಿ. ಅದರಿಂದ ಎರಡು ಸಾಲು ಹೆಕ್ಕಿಕೊಳ್ಳಿ: ನಿಮ್ಮ ಪಾತ್ರಕ್ಕೆ ಏನು ಬೇಕು, ಯಾರಿಂದ ಬೇಕು. ಹೊಸಬರು ಸಾಮಾನ್ಯವಾಗಿ ತಮ್ಮ ಪಾತ್ರ ಏನೇನು ಮಾಡಬಲ್ಲದು ಎಂದು ಹೇಳಿಕೊಂಡು ಬರುತ್ತಾರೆ. ಕತ್ತಿವರಸೆ ಗೊತ್ತು, ವಿಷವಿದ್ಯೆ ಗೊತ್ತು, ಮೂರು ಭಾಷೆ ಗೊತ್ತು. ಪ್ಲಾಟ್‌ನಲ್ಲಿ ಆಗಲೇ ಇರುವವರಿಗೆ ಇದು ತಮ್ಮ ಕೆಲಸಕ್ಕೆ ಬಂದ ಪೈಪೋಟಿಯಂತೆ ಕಾಣುತ್ತದೆ. ಕೊರತೆ ಹೊತ್ತು ಬಂದವರಿಗೆ ಬಾಗಿಲು ಬೇಗ ತೆರೆಯುತ್ತದೆ, ಏಕೆಂದರೆ ಆ ಕೊರತೆ ತುಂಬುವ ಅವಕಾಶ ಅವರ ಪಾತ್ರಕ್ಕೆ ಸಿಗುತ್ತದೆ.

ಆಟದ ಹೊರಗೆ ನೇರವಾಗಿ ಕೇಳುವುದರಲ್ಲಿ ತಪ್ಪೇನೂ ಇಲ್ಲ. ಆಟದ ಹೊರಗೆ ತಿಳಿದ ಗುಟ್ಟನ್ನು ಪಾತ್ರದ ಬಾಯಲ್ಲಿ ಆಡಿಸಿದರೆ ಅದು ಮೆಟಾಗೇಮಿಂಗ್, "ಸೇರಲಾ?" ಎಂದು ಕೇಳುವುದು ಅಲ್ಲ. ಆದರೆ ಬರೀ "ನನ್ನನ್ನೂ ಸೇರಿಸಿಕೊಳ್ತೀರಾ?" ಎಂದು ಪೇಜ್ ಮಾಡಿದರೆ (ಖಾಸಗಿ ಸಂದೇಶ ಕಳಿಸಿದರೆ), ನಿಮಗಾಗಿ ಕಥೆ ಹುಡುಕುವ ಕೆಲಸವನ್ನು ಅವರ ತಲೆಗೆ ಕಟ್ಟಿದಂತಾಯಿತು. ಹೀಗೆ ಬರೆದು ನೋಡಿ: "ಬಾವಿ ಪ್ಲಾಟಿನ ಲಾಗ್ ಓದಿದೆ. ನನ್ನ ಪಾತ್ರ ಬೇರು, ಸೊಪ್ಪು ಮಾರುವವಳು. ಆ ವಿಷದ ಬೇರು ಅವಳ ಅಂಗಡಿಯಿಂದಲೇ ಕಳುವಾಗಿತ್ತು ಅಂತ ಇಟ್ಟುಕೊಳ್ಳಬಹುದಾ? ನಿಮ್ಮ ವೈದ್ಯ ವಿಚಾರಿಸೋಕೆ ಬಂದರೆ ಒಂದು ಸೀನ್ ಆಗುತ್ತೆ. ಗುರುವಾರ ರಾತ್ರಿ ಒಂದೆರಡು ಗಂಟೆ ಸಿಗ್ತೀನಿ." ಲಾಗ್ ಓದಿದ್ದೀರಿ, ಅವರ ಪಾತ್ರಕ್ಕೆ ಒಂದು ಕೆಲಸ ಇಟ್ಟಿದ್ದೀರಿ, ಸಮಯ ಹೇಳಿದ್ದೀರಿ. ಇದಕ್ಕೆ ಬೇಡ ಅನ್ನುವವರು ಕಡಿಮೆ. ಕಳ್ಳ ಯಾರು ಎಂದು ಮಾತ್ರ ನೀವೇ ತೀರ್ಮಾನಿಸಿಕೊಂಡು ಹೋಗಬೇಡಿ. ಪ್ಲಾಟ್ ನಡೆಸುವವರು ಅದನ್ನು ಎಲ್ಲಿಗೆ ಕೊಂಡೊಯ್ಯಬೇಕೆಂದಿದ್ದಾರೋ ನಿಮಗೆ ಗೊತ್ತಿಲ್ಲ.

ಎಂಟು ಜನ ಸೇರಿರುವ ದೊಡ್ಡ ಸೀನ್‌ಗಿಂತ ಅದರ ಮರುದಿನದ ಸೀನ್ ನಿಮಗೆ ಹೆಚ್ಚು ಉಪಯೋಗ. ಹೊಡೆದಾಟ ಮುಗಿದು ಒಬ್ಬರ ಕೈ ಮುರಿದಿರುತ್ತದೆ, ಒಬ್ಬರಿಗೆ ಅಪರಾಧಿ ಭಾವ. ಆ ಹೊತ್ತಿನಲ್ಲಿ ಹೋಗಿ ಮಾತಾಡಿಸಿ. ನಡೆದದ್ದನ್ನು ಹೊಸಬರ ಮುಂದೆ ಹೇಳಿಕೊಳ್ಳುವುದು ಎಲ್ಲರಿಗೂ ಖುಷಿ.

ಇಷ್ಟೆಲ್ಲ ಮಾಡಿ, ಬೇರೆ ಬೇರೆ ಮೂವರಿಗೆ ಹೀಗೆ ಬರೆದೂ ಉತ್ತರ ಬರದಿದ್ದರೆ ಆಗ ಗುಂಪುಗಾರಿಕೆ ಎನ್ನಿ. ಆಟ ನೋಡಿಕೊಳ್ಳುವ ಸ್ಟಾಫ್‌ಗೆ ಒಮ್ಮೆ ತಿಳಿಸಿ, ಆಗದಿದ್ದರೆ ಬೇರೆ ಆಟ ನೋಡಿಕೊಳ್ಳಿ.

ಪ್ರಶ್ನೆ: ನನ್ನದು ಪತ್ತೇದಾರನ ಪಾತ್ರ. ದಿನಾ ಆಡುತ್ತೇನೆ, ಚೆನ್ನಾಗಿ ಬರೆಯುತ್ತೇನೆ ಎಂದು ಎಲ್ಲರೂ ಹೇಳುತ್ತಾರೆ. ಮೊನ್ನೆ ಸ್ಟಾಫ್ ಕರೆದು "ಬೇರೆಯವರಿಗೂ ಸ್ವಲ್ಪ ಬಿಡಿ" ಎಂದರು. ಅವರು ಬರೆಯದೆ ಸುಮ್ಮನಿದ್ದರೆ ಅದು ನನ್ನ ತಪ್ಪಾ? ಆ ಸೀನಿನ ಪೋಸ್ ಕಳಿಸಿದ್ದೇನೆ.

ದಿನಾ ಬಂದು ಆಡುವವರು ಇಲ್ಲದಿದ್ದರೆ ಆಟ ಒಂದೇ ತಿಂಗಳಲ್ಲಿ ಭಣಗುಡುತ್ತದೆ, ಹಾಗಾಗಿ ಕಡಿಮೆ ಆಡಿ ಎಂದು ನಾನು ಹೇಳುವುದಿಲ್ಲ. ನೀವು ಕಳಿಸಿದ ಪೋಸ್‌ನ ಸಾರಾಂಶ ಇದು: ಪತ್ತೇದಾರ ಹೆಣದ ಬಳಿ ಮಂಡಿಯೂರುತ್ತಾನೆ, ಉಂಗುರ ಸಿಗುತ್ತದೆ, ಅದರ ಮುದ್ರೆ ಯಾವ ಮನೆತನದ್ದೆಂದು ಗುರುತಿಸುತ್ತಾನೆ, ಸಾವಿನ ಹೊತ್ತು ಲೆಕ್ಕ ಹಾಕುತ್ತಾನೆ, "ಅವನ ಮಾತಿಗೆ ಎಲ್ಲರೂ ದಂಗಾಗಿ ನಿಂತಿರಲು" ಬಾಗಿಲಿಂದಾಚೆ ಓಡುತ್ತಾನೆ.

ಆ ಕೋಣೆಯಲ್ಲಿ ಒಬ್ಬ ಅಕ್ಕಸಾಲಿಗ ಇದ್ದ, ಒಬ್ಬ ವೈದ್ಯೆ ಇದ್ದಳು, ಆ ಮನೆತನದಲ್ಲೇ ಹುಟ್ಟಿದ ಹುಡುಗನೊಬ್ಬನಿದ್ದ. ಉಂಗುರ ಅಕ್ಕಸಾಲಿಗನ ಕೆಲಸ. ಸಾವಿನ ಹೊತ್ತು ವೈದ್ಯೆಯದು. ಮುದ್ರೆಯನ್ನು ಆ ಹುಡುಗ ನೋಡಿ ಬೆವರಿದ್ದರೆ ಒಂದು ವಾರ ನಡೆಯುವ ಕಥೆ ಸಿಗುತ್ತಿತ್ತು. ಮೂವರ ಪಾಲನ್ನು ಒಂದೇ ಪೋಸ್‌ನಲ್ಲಿ ಉಂಡಿದ್ದೀರಿ, ಅವರು ದಂಗಾದರು ಎಂದು ಕೂಡ ನೀವೇ ಬರೆದಿದ್ದೀರಿ. ಅವರು ಸುಮ್ಮನಿದ್ದುದಲ್ಲ, ಅವರಿಗೆ ಬರೆಯಲು ಏನೂ ಉಳಿದಿರಲಿಲ್ಲ. ಬೇರೆಯವರ ಪಾತ್ರಕ್ಕೆ ಏನನ್ನಿಸಿತು ಎಂದು ನಾವು ನಿರ್ಧರಿಸುವುದಕ್ಕೆ ಪವರ್‌ಪೋಸಿಂಗ್ ಅನ್ನುತ್ತಾರೆ, ಹೆಚ್ಚಿನ ಆಟಗಳಲ್ಲಿ ಅದಕ್ಕೆ ನಿಷೇಧವೇ ಇರುತ್ತದೆ. ಒಳ್ಳೆಯ ಬರಹಗಾರರೇ ಇದನ್ನು ಹೆಚ್ಚು ಮಾಡುವುದು, ವಾಕ್ಯದ ಓಘದಲ್ಲಿ ತಿಳಿಯುವುದಿಲ್ಲ.

ನಿಮ್ಮ ಪತ್ತೇದಾರ ಉಂಗುರ ಹುಡುಕಲಿ. ಅಲ್ಲಿಗೆ ನಿಲ್ಲಿಸಿ. "ಉಂಗುರವನ್ನು ದೀಪಕ್ಕೆ ಹಿಡಿದು ತಿರುಗಿಸಿ ನೋಡುತ್ತಾನೆ, ತಿಳಿಯದೆ ಅಕ್ಕಸಾಲಿಗನ ಕೈಗಿಡುತ್ತಾನೆ. 'ಇದು ಎಲ್ಲಿಯ ಕೆಲಸ?'" ಪಾತ್ರದ ಹಾಳೆಯಲ್ಲಿ ಮುದ್ರೆಗಳ ಜ್ಞಾನ ಇದ್ದರೂ ಇರಲಿ, ಎಲ್ಲ ಸಲವೂ ಉಪಯೋಗಿಸಬೇಕೆಂದು ಯಾರೂ ಹೇಳಿಲ್ಲ. ಪತ್ತೇದಾರ ಒಮ್ಮೆ ತಪ್ಪಾದ ಮನುಷ್ಯನನ್ನು ಹಿಡಿಯಲಿ, ಇಡೀ ಊರಿನ ಮುಂದೆ ಕ್ಷಮೆ ಕೇಳಬೇಕಾಗಿ ಬರಲಿ. ಆಮೇಲೆ ನೋಡಿ, ಎಷ್ಟು ಜನ ತಾವಾಗಿ ಅವನನ್ನು ಹುಡುಕಿಕೊಂಡು ಬರುತ್ತಾರೆ.

ಇನ್ನೊಂದು ಸಣ್ಣ ವಿಷಯ, ಉದ್ದ. ಎಲ್ಲರೂ ನಾಲ್ಕು ಸಾಲು ಬರೆಯುವ ಸೀನ್‌ನಲ್ಲಿ ನೀವು ಇಪ್ಪತ್ತು ಸಾಲು ಹಾಕಿದರೆ ಅವರ ನಾಲ್ಕು ಸಾಲು ಪರದೆಯ ಮೇಲೆ ಹಾರಿ ಹೋಗುತ್ತದೆ. ಓದಲು ಅವರು ಮೇಲೆ ಕೆಳಗೆ ಎಳೆಯುತ್ತಾ ಕೂರಬೇಕು.

ಪ್ರಶ್ನೆ: ಮೊದಲ ಸಲ ಪ್ಲಾಟ್ ನಡೆಸಿದೆ. ಎಂಟು ಜನ ಬಂದರು. ಮೂವರು ಬರೆಯುತ್ತಲೇ ಇದ್ದರು, ಇಬ್ಬರು ಇಡೀ ರಾತ್ರಿ ಮೂರು ಪೋಸ್ ಹಾಕಿದರೆ ಹೆಚ್ಚು. ಸರದಿ ಪ್ರಕಾರವೇ ಆಡಿಸಬೇಕಾ?

ಎಂಟು ಜನಕ್ಕೆ ಕಟ್ಟುನಿಟ್ಟಾದ ಸರದಿ ಬೇಡ. ಒಬ್ಬರಿಗೆ ಆರು ನಿಮಿಷ ಎಂದರೂ ಒಂದು ಸುತ್ತಿಗೆ ಮುಕ್ಕಾಲು ಗಂಟೆಗಿಂತ ಹೆಚ್ಚು, ಅಷ್ಟರಲ್ಲಿ ಅರ್ಧ ಜನ ಬೇರೆ ವಿಂಡೋ ತೆರೆದಿರುತ್ತಾರೆ. ಇಂಥ ಕಡೆ ಚಾಲ್ತಿಯಲ್ಲಿರುವುದು ಮೂರು ಪೋಸ್ ನಿಯಮ: ನೀವು ಬರೆದ ಮೇಲೆ ಬೇರೆ ಮೂವರು ಬರೆಯುವವರೆಗೆ ಮತ್ತೆ ಬರೆಯುವಂತಿಲ್ಲ. ವೇಗದವರಿಗೆ ಕಡಿವಾಣ ಬೀಳುತ್ತದೆ, ನಿಧಾನದವರಿಗಾಗಿ ಯಾರೂ ಕಾಯಬೇಕಿಲ್ಲ. ಆದರೆ ಎಂಟು ಜನರಲ್ಲಿ ನಾಲ್ವರು ಚುರುಕಾಗಿದ್ದರೆ ಅವರವರೇ ಸುತ್ತು ಹೊಡೆಯುತ್ತಿರಬಹುದು, ಈ ನಿಯಮ ಅದನ್ನು ತಡೆಯುವುದಿಲ್ಲ.

ಸೀನನ್ನೇ ಒಡೆಯುವುದು ನನಗೆ ಹೆಚ್ಚು ಇಷ್ಟ. ನಾಲ್ವರು ಬಾವಿಯ ಹತ್ತಿರ, ನಾಲ್ವರು ಗೋದಾಮಿನಲ್ಲಿ. ಎರಡೂ ಕಡೆ ಅರ್ಧರ್ಧ ಸುಳಿವು ಇಡಿ, ಆಮೇಲೆ ಒಂದುಗೂಡಿಸಲಿ. ಇನ್ನೊಂದು ಕಡೆ ನಡೆಸಲು ಸಹಾಯಕರು ಬೇಕು, ಅದನ್ನು ಮುಂಚೆಯೇ ನೋಡಿಕೊಳ್ಳಿ. ಒಬ್ಬರೇ ಎರಡು ಸೀನ್ ನಡೆಸಲು ಹೋದರೆ ಎರಡೂ ಕೆಡುತ್ತವೆ.

ಸುಮ್ಮನಿರುವವರ ಬಗ್ಗೆ ಒಂದು ಮಾತು. ಮೇಲೆ ಹೇಳಿದ ಬಾರ್ಟಲ್ 1996ರಲ್ಲಿ ಒಂದು ಪ್ರಬಂಧ ಬರೆದು ಮಡ್ ಆಟಗಾರರನ್ನು ನಾಲ್ಕು ಬಗೆಯಾಗಿ ನೋಡಿದರು: ಸಾಧಿಸಲು ಬರುವವರು, ಹುಡುಕಾಡಲು ಬರುವವರು, ಬೆರೆಯಲು ಬರುವವರು, ಬೇರೆಯವರನ್ನು ಬಡಿಯಲು ಬರುವವರು. ನಿಮ್ಮ ಇಬ್ಬರು ಹುಡುಕಾಡುವ ಜಾತಿಯವರಾಗಿದ್ದರೆ, ಎಲ್ಲ ಓದಿ ಖುಷಿಯಾಗಿ ಮಲಗಿರಬಹುದು. ಊಹೆ ಮಾಡುವುದಕ್ಕಿಂತ ಪೇಜ್ ಮಾಡಿ ಕೇಳಿ: "ಆರಾಮಾಗಿದ್ದೀರಾ, ಏನಾದರೂ ಕೊಡಲಾ?" ಕೊಡಿ ಎಂದರೆ ಎಲ್ಲರೆದುರು "ನೀವೂ ಏನಾದರೂ ಮಾಡಿ" ಅನ್ನಬೇಡಿ, ಅದು ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹಾಗಾಗುತ್ತದೆ. ಅವರಿಗೆ ಮಾತ್ರ ಖಾಸಗಿಯಾಗಿ ಒಂದು ವಿಷಯ ತಿಳಿಸಿ: "ಗೋದಾಮಿನ ಹಿಂಬಾಗಿಲ ಚಿಲಕ ಒಳಗಿನಿಂದ ಹಾಕಿರುವುದು ನಿಮ್ಮ ಪಾತ್ರದ ಕಣ್ಣಿಗೆ ಬೀಳುತ್ತದೆ." ಆ ಗುಟ್ಟನ್ನು ಯಾವಾಗ, ಯಾರಿಗೆ ಹೇಳಬೇಕು ಎನ್ನುವುದು ಅವರ ಕೈಯಲ್ಲಿದೆ. ಗಲಾಟೆ ಮಾಡುವ ಮೂವರೂ ಈಗ ಅವರತ್ತ ತಿರುಗಲೇಬೇಕು.

ಪ್ರಶ್ನೆ: ನನ್ನ ಪಾತ್ರ ಒಂಟಿ, ಯಾರನ್ನೂ ನಂಬುವುದಿಲ್ಲ. ಅದು ಹಾಗೇ ಇದ್ದುಕೊಂಡು ಪ್ಲಾಟ್ ಸೇರಲು ಆಗಲ್ಲವಾ?

ಆಗುತ್ತದೆ. ಯಾರನ್ನೂ ನಂಬದವನು ಸಾಲ ಮಾಡಿರಬಹುದು, ಗಾಯ ಮಾಡಿಕೊಂಡಿರಬಹುದು, ತಪ್ಪು ಬಾಗಿಲು ತಟ್ಟಿರಬಹುದು. ನಂಬಿಕೆ ಇಲ್ಲದಿದ್ದರೂ ಇನ್ನೊಬ್ಬರ ಹತ್ತಿರ ಹೋಗಲೇಬೇಕಾದ ಒಂದು ಗರಜು ಕಟ್ಟಿಕೊಡಿ. ಅದೂ ಬೇಡವೆಂದಾದರೆ ಆ ಪಾತ್ರವನ್ನು ಇಟ್ಟುಕೊಂಡು ಸಣ್ಣಕತೆ ಬರೆಯುವುದು ವಾಸಿ.

ಪ್ರಶ್ನೆ: ನಾವು ಆಡುವುದು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನಲ್ಲಿ. ನನಗೆ ರಾತ್ರಿ ಪಾಳಿ. ಎದ್ದು ನೋಡಿದರೆ ಸೀನ್ ನೂರಾರು ಸಾಲು ಮುಂದೆ ಹೋಗಿರುತ್ತೆ. ಎಲ್ಲಕ್ಕೂ ಉತ್ತರ ಬರೆದು ಮುಗಿಸುವಷ್ಟರಲ್ಲಿ ಅವರು ಬೇರೆ ಕಡೆ ಇರುತ್ತಾರೆ.

ಎಲ್ಲಕ್ಕೂ ಉತ್ತರಿಸಬೇಡಿ. ನಿನ್ನೆ ನಿಮ್ಮ ಪಾತ್ರವನ್ನು ಯಾರೋ ಕೇಳಿದ ಪ್ರಶ್ನೆಗೆ ಇವತ್ತು ಉತ್ತರ ಬರೆದರೆ ಕಥೆಯನ್ನು ಹಿಂದಕ್ಕೆ ಎಳೆದಂತೆ. ಕೊನೆಯ ಐದಾರು ಪೋಸ್ ಓದಿ, ಈಗ ಎಲ್ಲಿದೆಯೋ ಅಲ್ಲಿಗೇ ನೇರ ಇಳಿಯಿರಿ. ನಡುವೆ ನಿಮ್ಮ ಪಾತ್ರ ಏನು ಮಾಡುತ್ತಿತ್ತು ಎಂದು ಒಂದು ವಾಕ್ಯ ಸಾಕು, "ಅಷ್ಟು ಹೊತ್ತೂ ಕುದುರೆಗಳ ಹತ್ತಿರ ಇದ್ದವನು" ಎಂದರೂ ನಡೆಯುತ್ತದೆ.

ಅದರ ಜೊತೆಗೆ ನಿಮ್ಮದೇ ನಿಧಾನದ ಒಂದು ಥ್ರೆಡ್ ಇಟ್ಟುಕೊಳ್ಳಿ, ಇಬ್ಬರೇ, ದಿನಕ್ಕೊಂದು ಪೋಸ್. ಅದಕ್ಕಿಂತ ಚೆನ್ನಾಗಿ ನಡೆಯುವುದು ಪಾತ್ರಗಳ ನಡುವಿನ ಕಾಗದ. ನಿಮ್ಮ ಪಾತ್ರ ಇನ್ನೊಂದು ಪಾತ್ರಕ್ಕೆ ಕಾಗದ ಬರೆಯಲಿ, ಪ್ಲಾಟಿಗೆ ಸಂಬಂಧಪಟ್ಟ ಒಂದು ವಿಷಯ ಅದರಲ್ಲಿರಲಿ. ಕಾಗದಕ್ಕೆ ತಡವಾಗಿ ಉತ್ತರ ಬಂದರೆ ಯಾರಿಗೂ ವಿಚಿತ್ರವೆನಿಸುವುದಿಲ್ಲ. ಅದನ್ನು ಅವರು ಸೀನ್‌ಗೆ ಕೊಂಡುಹೋಗಿ ಉಳಿದವರಿಗೆ ಓದಿ ಹೇಳಬಹುದು, ಬಚ್ಚಿಡಬಹುದು, ಕಳೆದುಕೊಳ್ಳಬಹುದು. ಮೊದಲ ಕಾಗದ ಇವತ್ತೇ ಬರೆಯಿರಿ, ಯಾರಿಗೆಂದು ತೋಚದಿದ್ದರೆ ಪ್ಲಾಟ್ ನಡೆಸುವವರನ್ನು ಕೇಳಿ. ಕೈಗೆ ಕೆಲಸವಿಲ್ಲದೆ ಕೂತ ಪಾತ್ರ ಯಾವುದೆಂದು ಅವರಿಗೆ ಗೊತ್ತಿರುತ್ತದೆ.