ಮೂತ್ರಪಿಂಡದ ಕಾಯಿಲೆ ಇರುವ ಮೊಲಕ್ಕೆ ನೀರು ಕಡಿಮೆ ಮಾಡಬೇಕೇ?

ನಮಸ್ಕಾರ. ಸೋಮವಾರಪೇಟೆ ಕಡೆಯ ನಿಮ್ಮ ತೋಟದ ಮನೆಯಲ್ಲಿರುವ, ಆರು ವರ್ಷದ, 2 ಕೆ.ಜಿ. ತೂಕದ ಮೊಲಕ್ಕೆ ಮೂತ್ರಪಿಂಡದ ದೀರ್ಘಕಾಲದ ಕಾಯಿಲೆ ಇದೆಯೆಂದು ರಕ್ತಪರೀಕ್ಷೆಯಲ್ಲಿ ತಿಳಿದಿದೆ. ಅದು ದಿನಕ್ಕೆ ಅರ್ಧ ಲೀಟರ್ ನೀರು ಕುಡಿದು ಗೂಡನ್ನೆಲ್ಲ ಒದ್ದೆ ಮಾಡುತ್ತಿರುವುದರಿಂದ ರಾತ್ರಿ ನೀರಿನ ಬಟ್ಟಲು ತೆಗೆದಿಡಬಹುದೇ, ಇನ್ನು ಮನೆಯಲ್ಲಿ ಏನೇನು ಮಾಡಬಹುದು ಎಂದು ಕೇಳಿದ್ದೀರಿ. ನಾನು ಪಶುವೈದ್ಯನಲ್ಲ. ಮಡಿಕೇರಿಯ ನಮ್ಮ ಮನೆಯಲ್ಲಿ ಇದೇ ಕಾಯಿಲೆಯ ಹೆಣ್ಣು ಮೊಲವೊಂದನ್ನು ಹದಿನಾಲ್ಕು ತಿಂಗಳು ನೋಡಿಕೊಂಡವನು, ಅಷ್ಟೇ.

ಮೊದಲ ಪ್ರಶ್ನೆಗೆ ನೇರ ಉತ್ತರ: ಬಟ್ಟಲನ್ನು ಒಂದು ಗಂಟೆಯೂ ತೆಗೆಯಬೇಡಿ. ಆರೋಗ್ಯವಾಗಿರುವ ಮೊಲ ಒಂದು ಕೆ.ಜಿ. ತೂಕಕ್ಕೆ ದಿನವೊಂದಕ್ಕೆ ಸುಮಾರು 50ರಿಂದ 150 ಮಿಲಿ ನೀರು ಕುಡಿಯುತ್ತದೆ. ನಿಮ್ಮದು ಆ ಮಿತಿಯನ್ನು ಬಹಳ ದಾಟಿರುವುದು ನಿಜ, ಆದರೆ ಹೆಚ್ಚು ಮೂತ್ರ ಹೋಗುತ್ತಿರುವುದು ಅದು ಹೆಚ್ಚು ಕುಡಿದದ್ದರಿಂದಲ್ಲ. ಮೂತ್ರವನ್ನು ಗಟ್ಟಿಗೊಳಿಸಿ ನೀರನ್ನು ಒಳಗೇ ಉಳಿಸಿಕೊಳ್ಳುವ ಶಕ್ತಿಯನ್ನು ಮೂತ್ರಪಿಂಡ ಕಳೆದುಕೊಂಡಿರುವುದರಿಂದ ನೀರು ಮೊದಲು ಸೋರಿಹೋಗುತ್ತದೆ, ಆ ನಷ್ಟ ತುಂಬಿಕೊಳ್ಳಲು ಪ್ರಾಣಿ ಕುಡಿಯುತ್ತದೆ. ಬಟ್ಟಲು ತೆಗೆದರೆ ಸೋರುವುದು ನಿಲ್ಲುವುದಿಲ್ಲ, ತುಂಬಿಕೊಳ್ಳುವುದು ಮಾತ್ರ ನಿಲ್ಲುತ್ತದೆ. ಆಮೇಲೆ ಹೊಟ್ಟೆಯೊಳಗಿನ ಹುಲ್ಲು ಒಣಗಿ ಕರುಳಿನ ಚಲನೆ ನಿಂತುಬಿಡಬಹುದು, ಮೊಲಕ್ಕೆ ಅದು ಮೂತ್ರಪಿಂಡಕ್ಕಿಂತ ಬೇಗ ಪ್ರಾಣ ತೆಗೆಯುವ ಕಾಯಿಲೆ. ಕೊಳವೆಯ ಬಾಟಲಿಗಿಂತ ಅಗಲವಾದ, ಭಾರವಾದ ಮಣ್ಣಿನ ಅಥವಾ ಪಿಂಗಾಣಿ ಬಟ್ಟಲಿನಿಂದ ಮೊಲಗಳು ಹೆಚ್ಚು ಕುಡಿಯುತ್ತವೆ. ಎರಡು ಕಡೆ ಇಡಿ, ಸೊಪ್ಪನ್ನು ತೊಳೆದು ನೀರು ಸೋರುತ್ತಿರುವಂತೆಯೇ ಕೊಡಿ.

ಮೊಲದ ಮೂತ್ರದ ಬಗ್ಗೆ ನನಗೆ ಮೊದಲೇ ತಿಳಿದಿದ್ದರೆ ನಮ್ಮದನ್ನು ಎರಡು ತಿಂಗಳು ಮುಂಚೆಯೇ ತೋರಿಸುತ್ತಿದ್ದೆ. ಬೇರೆ ಬಹುಪಾಲು ಪ್ರಾಣಿಗಳ ದೇಹ ಆಹಾರದಿಂದ ತನಗೆ ಬೇಕಾದಷ್ಟು ಕ್ಯಾಲ್ಸಿಯಂ ಮಾತ್ರ ಹೀರಿಕೊಳ್ಳುತ್ತದೆ. ಮೊಲದ ಕರುಳು ತಿಂದದ್ದರಲ್ಲಿ ಇರುವಷ್ಟಕ್ಕೆ ತಕ್ಕಂತೆ ಹೀರಿಕೊಂಡು, ಹೆಚ್ಚಾದದ್ದನ್ನು ಹೊರಹಾಕುವ ಕೆಲಸವನ್ನು ಮೂತ್ರಪಿಂಡಕ್ಕೆ ಬಿಡುತ್ತದೆ. ಒಳ್ಳೆಯ ಮೊಲದ ಮೂತ್ರ ಮಬ್ಬಾಗಿ, ಒಣಗಿದ ಮೇಲೆ ಸಿಮೆಂಟಿನ ನೆಲದಲ್ಲಿ ಬಿಳಿ ಪುಡಿಯ ಕಲೆ ಉಳಿಸುವುದು ಇದೇ ಕಾರಣಕ್ಕೆ. ನಮ್ಮ ಮನೆಯಲ್ಲಿ ಆ ಕಲೆ ನಿಂತು ಮೂತ್ರ ತಿಳಿನೀರಿನಂತಾದಾಗ, ಉಜ್ಜಿ ತೊಳೆಯುವ ಕೆಲಸ ತಪ್ಪಿತೆಂದು ನಾನು ಸಂತೋಷಪಟ್ಟೆ. ಸಾಲದೆಂಬಂತೆ ಮೊಲ ಬಡಕಲಾಗುತ್ತಿದೆಯೆಂದು ಕ್ಯಾಲ್ಸಿಯಂ ಸಿರಪ್ಪನ್ನೂ ಹಾಕುತ್ತಿದ್ದೆ. ಆ ಸಿರಪ್ಪುಗಳಲ್ಲಿ ಇರುವ ವಿಟಮಿನ್ ಡಿ ಅತಿಯಾದರೆ ಮೂತ್ರಪಿಂಡದಲ್ಲಿಯೇ ಸುಣ್ಣ ಕಟ್ಟಿಕೊಳ್ಳುತ್ತದೆ. ನೀವು ಅಂಥದ್ದೇನಾದರೂ ಕೊಡುತ್ತಿದ್ದರೆ ಇಂದೇ ನಿಲ್ಲಿಸಿ. ಹಾಗೆಂದು ಕ್ಯಾಲ್ಸಿಯಂ ಪೂರ್ತಿ ಇಲ್ಲದ ಆಹಾರವೂ ಸಲ್ಲದು, ಜೀವನಪೂರ್ತಿ ಬೆಳೆಯುವ ಅದರ ಹಲ್ಲಿಗೆ ಮತ್ತು ಮೂಳೆಗೆ ಅದು ಬೇಕು.

ಆಹಾರದಲ್ಲಿ ಮುಖ್ಯವಾದದ್ದು ಹುಲ್ಲು. ಕುದುರೆ ಮೆಂತ್ಯದ (ಲೂಸರ್ನ್) ಹುಲ್ಲು ಹಾಗೂ ಅದರಿಂದ ಮಾಡಿದ, ಗುಳಿಗೆಯಂಥ ಪೆಲೆಟ್‌ಗಳಲ್ಲಿ ಕ್ಯಾಲ್ಸಿಯಂ ಹೆಚ್ಚು, ಅವನ್ನು ಬಿಡಿ. ಆನ್‌ಲೈನ್‌ನಲ್ಲಿ ಸಿಗುವ ಟಿಮೊಥಿ ಹುಲ್ಲು ಅಥವಾ ನಮ್ಮ ಗರಿಕೆ ಒಳ್ಳೆಯದು. ಆದರೆ ಗರಿಕೆಯನ್ನು ಕಾಫಿ ಗಿಡದ ಬುಡದಿಂದ ಕೊಯ್ಯಬೇಡಿ. ಮಳೆಗೆ ಮುಂಚೆ ಕಾಫಿಗೂ ಮೆಣಸಿನ ಬಳ್ಳಿಗೂ ಹೊಡೆಯುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣ. ಅದು ಕೆಳಗಿನ ಹುಲ್ಲಿನ ಮೇಲೂ ಬೀಳುತ್ತದೆ, ಕಳೆನಾಶಕದ ಮಾತಂತೂ ಬೇರೆಯೇ. ನಾವು ಮನೆಯ ಅಂಗಳದ ಒಂದು ತುಂಡು ಜಾಗಕ್ಕೆ ಏನನ್ನೂ ಹೊಡೆಯದೆ ಗರಿಕೆಗೆಂದೇ ಬಿಟ್ಟುಕೊಂಡಿದ್ದೆವು. ಫೆಬ್ರವರಿ, ಮಾರ್ಚ್ ಬಿಸಿಲಿನಲ್ಲಿ ಕೊಯ್ದು ಒಣಗಿಸಿದ್ದು ಮಳೆಗಾಲಕ್ಕೆ ಬರುತ್ತಿತ್ತು. ಜುಲೈ ತಿಂಗಳಲ್ಲಿ ಹಸಿ ಗರಿಕೆ ತರುವುದೆಂದರೆ ಒಂದೊಂದು ಎಳೆಯಿಂದ ಜಿಗಣೆ ಹೆಕ್ಕಿ ತೆಗೆಯುವುದು ಎಂದೇ ಅರ್ಥ, ನಿಮಗೆ ಅದನ್ನು ಹೇಳಬೇಕಾಗಿಲ್ಲ. ಒಣಹುಲ್ಲಿಗೆ ಬೂಷ್ಟು ಹಿಡಿಯದಿರಲೆಂದು ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ನೋಡಿದೆ, ಹೊಗೆ ವಾಸನೆಗೆ ನಮ್ಮ ಮೊಲ ಮೂಸಿಯೂ ನೋಡಲಿಲ್ಲ. ಕೊನೆಗೆ ಅಕ್ಕಿ ತುಂಬುವ ಬಿಗಿ ಮುಚ್ಚಳದ ಡ್ರಮ್ಮೇ ಸರಿಹೋಯಿತು. ಸೊಪ್ಪಿನಲ್ಲಿ ಪಾಲಕ್ ಮತ್ತು ಹರಿವೆಯಲ್ಲಿ, ಕ್ಯಾಲ್ಸಿಯಂ ಜೊತೆ ಸೇರಿ ಹರಳು ಕಟ್ಟುವ ಆಕ್ಸಲೇಟ್ ಹೆಚ್ಚಿರುವುದರಿಂದ ಬೇಡ. ಕೊತ್ತಂಬರಿ, ಪುದೀನ, ಸೌತೆಕಾಯಿ ಸ್ವಲ್ಪ ಸ್ವಲ್ಪ ಕೊಡಬಹುದು. ನಾಯಿ, ಬೆಕ್ಕುಗಳಿಗೆಂದು ಮಾರುವ ಕಿಡ್ನಿ ಆಹಾರ ಮೊಲಕ್ಕಲ್ಲ.

ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಅಥವಾ ಹಿಕ್ಕೆ ಬೀಳುವುದು ನಿಂತರೆ, ಅದನ್ನು ತುರ್ತು ಎಂದೇ ತಿಳಿಯಿರಿ. ಟಿಮೊಥಿ ಹುಲ್ಲಿನ ಪೆಲೆಟ್ಟನ್ನು ಬಿಸಿನೀರಿನಲ್ಲಿ ನೆನೆಸಿ, ಅರೆದು, ಸಿರಿಂಜಿನಲ್ಲಿ ಬಾಯಿಯ ಪಕ್ಕದಿಂದ ಸ್ವಲ್ಪಸ್ವಲ್ಪವೇ ನುಂಗಿಸುವುದನ್ನು ಕಾಯಿಲೆ ಹೆಚ್ಚಾಗುವ ಮೊದಲೇ ವೈದ್ಯರಿಂದ ಕಲಿತಿಟ್ಟುಕೊಳ್ಳಿ.

ಕುಡಿಯುವ ನೀರು ಸಾಲದಾದಾಗ ಚರ್ಮದಡಿಗೆ ಡ್ರಿಪ್ಪಿನ ದ್ರವ ಕೊಡಬೇಕಾಗುತ್ತದೆ. 1.8 ಕೆ.ಜಿ. ಇದ್ದ ನಮ್ಮದಕ್ಕೆ ವೈದ್ಯರು ದಿನಕ್ಕೆ 80 ಮಿಲಿ ರಿಂಗರ್ ಲ್ಯಾಕ್ಟೇಟ್ ಬರೆದಿದ್ದರು; ನಿಮ್ಮದರ ಲೆಕ್ಕವನ್ನು ನಿಮ್ಮ ವೈದ್ಯರೇ ಹೇಳಬೇಕು. ಬಾಟಲಿಯನ್ನು ಬಿಸಿನೀರಿನ ಬಕೆಟ್ಟಿನಲ್ಲಿ ಇಟ್ಟು, ಮಣಿಕಟ್ಟಿನ ಮೇಲೆ ಹನಿ ಬಿಟ್ಟು ನೋಡಿ, ಮೈಬಿಸಿಗೆ ಬಂದ ಮೇಲೆ ಭುಜಗಳ ನಡುವಿನ ಸಡಿಲ ಚರ್ಮವನ್ನು ಡೇರೆಯಂತೆ ಎತ್ತಿ ಸೂಜಿ ಹಾಕುವುದು ಕ್ರಮ. ಮೊದಲ ವಾರ ನನ್ನ ಕೈ ನಡುಗಿ ಅರ್ಧ ದ್ರವ ಅದರ ತುಪ್ಪಳದ ಮೇಲೆಯೇ ಹೋಗುತ್ತಿತ್ತು. ನನ್ನ ಹೆಂಡತಿ ಅದನ್ನು ಟವೆಲಿನಲ್ಲಿ ಸುತ್ತಿ, ಅದರ ಕಣ್ಣು ಮುಚ್ಚಿ ಹಿಡಿಯಲು ಶುರುಮಾಡಿದ ಮೇಲೆ ಐದು ನಿಮಿಷದ ಕೆಲಸವಾಯಿತು. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ದಾರಿಗಳೇ ಇಲ್ಲವಾದದ್ದನ್ನು ನೋಡಿದವರು ನಾವು, ಆದ್ದರಿಂದ ಜೂನ್‌ಗೆ ಮುಂಚೆಯೇ ಮೂರು ವಾರಕ್ಕೆ ಆಗುವಷ್ಟು ಬಾಟಲಿ, ಸೂಜಿ, ಔಷಧಿ ಮನೆಗೆ ತಂದಿಡಿ.

ಒದ್ದೆಯ ವಿಷಯದಲ್ಲಿ ನಿಮ್ಮ ಚಿಂತೆ ಸರಿಯಾದದ್ದೇ. ಮೂತ್ರದಲ್ಲಿ ನೆನೆದ ಹಿಂಭಾಗ ಸುಟ್ಟಂತೆ ಕೆಂಪಾಗುತ್ತದೆ, ನಮ್ಮ ಮಳೆಗಾಲದ ನೊಣ ಅಲ್ಲಿ ಮೊಟ್ಟೆ ಇಟ್ಟರೆ ಒಂದೇ ದಿನದಲ್ಲಿ ಹುಳು ಬೀಳುತ್ತದೆ. ಗೋಣಿಚೀಲ ಹಾಸಬೇಡಿ, ಅದು ಒಣಗುವುದೇ ಇಲ್ಲ. ಹಳೆಯ ಹತ್ತಿ ಪಂಚೆಗಳನ್ನು ಮಡಿಸಿ ದಿನಕ್ಕೆ ಎರಡು ಸಲ ಬದಲಿಸಿ, ಬಾಲದಡಿಯನ್ನು ಬೆಳಿಗ್ಗೆ ಸಂಜೆ ನೋಡಿ. ಅದಕ್ಕಿಂತ ಮುಖ್ಯವಾಗಿ ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ತೂಗಿ ಬರೆದಿಡಿ, ತುಪ್ಪಳದಡಿಯ ಸೊರಗುವಿಕೆ ಕಣ್ಣಿಗೆ ಕಾಣುವುದಿಲ್ಲ.

ವೈದ್ಯರ ಬಳಿ ಕೇಳಬೇಕಾದ ಕೆಲವು ಮಾತುಗಳಿವೆ. ವರದಿಯಲ್ಲಿ ಕ್ಯಾಲ್ಸಿಯಂ ಅಂಕಿಯ ಮುಂದೆ ‘ಹೆಚ್ಚು’ ಎಂದು ಗುರುತಿದ್ದರೆ, ಯಾವ ಪ್ರಾಣಿಯ ಮಿತಿಗೆ ಹೋಲಿಸಿದ್ದೆಂದು ವಿಚಾರಿಸಿ, ಏಕೆಂದರೆ ನಾಯಿಗೆ ಹೆಚ್ಚೆನಿಸುವ ಅಂಕಿ ಮೊಲಕ್ಕೆ ಸಹಜವಾಗಿರಬಹುದು. ಕಲ್ಲು ಅಥವಾ ಸುಣ್ಣ ಕಟ್ಟಿದೆಯೇ ಎಂಬುದು ಎಕ್ಸ್‌ರೇಯಲ್ಲಿ ಕಾಣುತ್ತದೆ. ಎನ್ಸೆಫಲಿಟೊಜೂನ್ ಕ್ಯುನಿಕ್ಯುಲೈ ಎಂಬ ಪರೋಪಜೀವಿ ಮೊಲಗಳ ಮೂತ್ರಪಿಂಡವನ್ನೂ ಮೆದುಳನ್ನೂ ಹಿಡಿಯುವಂಥದ್ದು. ತಲೆ ವಾಲುವುದು, ಹಿಂಗಾಲು ಸೋಲುವುದು ಕಂಡಿದ್ದರೆ ತಪ್ಪದೆ ಹೇಳಿ, ಅದಕ್ಕೆ ಸಾಮಾನ್ಯವಾಗಿ 28 ದಿನ ಜಂತಿನ ಔಷಧಿಯಾದ ಫೆನ್‌ಬೆಂಡಜೋಲ್ ಕೊಡುತ್ತಾರೆ. ಆ ಪರೋಪಜೀವಿಯ ಬೀಜಾಣುಗಳು ಮೂತ್ರದಲ್ಲಿ ಹೊರಬರುವುದರಿಂದ, ಮನೆಯಲ್ಲಿ ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು ಅಥವಾ ರೋಗನಿರೋಧಕ ಶಕ್ತಿ ಕುಂದಿದವರು ಗೂಡು ತೊಳೆಯಬಾರದು. ಹಸು, ನಾಯಿಗಳನ್ನೇ ಹೆಚ್ಚಾಗಿ ನೋಡುವ ಕಡೆ ಹೋದರೆ, ಪೆನ್ಸಿಲಿನ್ ಜಾತಿಯ ಅಮಾಕ್ಸಿಸಿಲಿನ್‌ನಂಥ ಔಷಧಿಯನ್ನು ಮೊಲಕ್ಕೆ ಬಾಯಿಯಿಂದ ಕೊಡಬಾರದೆಂದು ವಿನಯದಿಂದಲೇ ನೆನಪಿಸಿ, ಅದು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಂದು ಮೊಲವನ್ನೇ ಬಲಿ ತೆಗೆದುಕೊಳ್ಳಬಹುದು. ಮೆಲಾಕ್ಸಿಕ್ಯಾಮ್‌ನಂಥ ನೋವಿನ ಔಷಧಿಯನ್ನೂ ಸ್ವಂತ ಬುದ್ಧಿಯಿಂದ ಹಾಕಬೇಡಿ. ಮೊಲಗಳನ್ನು ಬಲ್ಲ ವೈದ್ಯರನ್ನು ಹುಡುಕಿಕೊಂಡು ಮೈಸೂರಿಗೋ ಬೆಂಗಳೂರಿಗೋ ಇಳಿಯುವುದಾದರೆ ಬೆಳಕು ಹರಿಯುವ ಮುಂಚೆ ಹೊರಡಿ. ನಮ್ಮ ತಂಪಿಗೆ ಹೊಂದಿಕೊಂಡ ಪ್ರಾಣಿಗೆ ಬಯಲುಸೀಮೆಯ ಮಧ್ಯಾಹ್ನದ ಬಿಸಿಲು ಅಪಾಯ. ಪರೀಕ್ಷೆಗೆಂದು ಉಪವಾಸ ಇಡುವ ಅಗತ್ಯವಿಲ್ಲ, ಬುಟ್ಟಿಯಲ್ಲಿ ಗರಿಕೆ ಹಾಕಿಯೇ ಕರೆದುಕೊಂಡು ಹೋಗಿ.

ಈ ಕಾಯಿಲೆ ವಾಸಿಯಾಗುವುದಿಲ್ಲ, ಅದನ್ನು ನಿಮ್ಮ ವೈದ್ಯರೂ ಹೇಳಿರಬೇಕು. ದಯಾಮರಣದ ಇಂಜೆಕ್ಷನ್ ಬಗ್ಗೆ ಈಗಲೇ, ಮೊಲ ಇನ್ನೂ ಓಡಾಡಿಕೊಂಡಿರುವಾಗಲೇ, ಅವರೊಂದಿಗೆ ಮಾತಾಡಿ ಯಾರು, ಎಲ್ಲಿ ಎಂಬುದನ್ನು ಗೊತ್ತುಮಾಡಿಕೊಳ್ಳಿ. ನಮ್ಮದು ಮೂರು ದಿನ ಸಿರಿಂಜಿನ ಊಟವನ್ನೂ ಬಾಯಿಯಿಂದ ಹೊರಗೆ ತಳ್ಳಿ, ಗೂಡಿನ ಮೂಲೆಯಲ್ಲಿ ಹಲ್ಲು ಕಡಿಯುತ್ತ ಕುಗ್ಗಿ ಕುಳಿತಾಗ ನಾವು ಕರೆಮಾಡಿದೆವು. ಎರಡನೆಯ ದಿನವೇ ಕರೆಮಾಡಬೇಕಿತ್ತು.