ಸಿಮೆಂಟ್ ಇಲ್ಲದೆ ತೋಟದಲ್ಲಿ ಕಲ್ಲಿನ ಕಮಾನು ಸೇತುವೆ ಕಟ್ಟಬಹುದಾ?

ಖಂಡಿತ ಕಟ್ಟಬಹುದು. ಐದು ಅಡಿ ಅಗಲದ ಕಾಲುವೆ ಮೇಲೆ ನಾನೇ ಕಟ್ಟಿದ್ದೇನೆ. ಸಿಮೆಂಟ್ ಹಾಕದಿದ್ದರೆ ಕುಸಿಯಲ್ವಾ ಅಂತ ಕೇಳಿದ್ದೀರಿ. ಇವತ್ತಿನ ಪೋರ್ಟ್‌ಲ್ಯಾಂಡ್ ಸಿಮೆಂಟ್ ಬಂದಿದ್ದೇ 1824ರಲ್ಲಿ, ಚೀನಾದ ಆನ್‌ಜಿ ಸೇತುವೆ ಸುಮಾರು 605ರದ್ದು, 37 ಮೀಟರಿನ ಒಂದೇ ಕಮಾನು, ಈಗಲೂ ನಿಂತಿದೆ. ನೀವು ಹೆದರಬೇಕಾದ್ದು ಕಮಾನಿಗಲ್ಲ, ಎರಡು ದಡಗಳಿಗೆ.

ಕಮಾನಿನ ಭಾರ ಬರೀ ಕೆಳಕ್ಕೆ ಇಳಿಯುವುದಿಲ್ಲ, ದಡವನ್ನು ಪಕ್ಕಕ್ಕೂ ತಳ್ಳುತ್ತದೆ. ಕಮಾನು ಚಪ್ಪಟೆಯಾದಷ್ಟೂ ಈ ತಳ್ಳಾಟ ಜಾಸ್ತಿ. ಮೊದಲ ಸಲ ನಾನು ಗಟ್ಟಿ ನೆಲ ಸಿಗುವವರೆಗೆ ಅಗೆಯದೆ ಮೇಲುಮಣ್ಣಿನ ಮೇಲೇ ಪಾಯದ ಕಲ್ಲು ಇಟ್ಟಿದ್ದೆ. ಸೆಂಟ್ರಿಂಗ್ (ಕಟ್ಟುವಾಗ ಕಮಾನಿನ ಕಲ್ಲುಗಳನ್ನು ಕೆಳಗಿನಿಂದ ಹೊತ್ತಿರುವ ಮರದ ಆಸರೆ) ಇಳಿಸಿದ ತಕ್ಷಣ ಒಂದು ಕಡೆಯ ಪಾಯದ ಕಟ್ಟೆ ಬೆರಳಗಲ ಹಿಂದೆ ಜರುಗಿತು. ಅಷ್ಟಕ್ಕೇ ನೆತ್ತಿ ತಗ್ಗಿ, ನಡುವಿನ ಸಂದುಗಳು ಕೆಳಗಡೆಯಿಂದ ಬಾಯಿ ಬಿಟ್ಟವು. ಪೂರ್ತಿ ಬಿಚ್ಚಿ ಮತ್ತೆ ಕಟ್ಟಿದೆ. ಹಾಗಾಗಿ ನಿಮ್ಮ ಹತ್ತಿರ ಇರುವ ಅತಿ ದೊಡ್ಡ ಕಲ್ಲುಗಳನ್ನು ಪಾಯಕ್ಕೇ ಹಾಕಿ, ಹಿಂದೆ ಮಣ್ಣು ತುಂಬಿ ಚೆನ್ನಾಗಿ ದಮ್ಮಸ್ಸು ಮಾಡಿ. ಅರ್ಧ ಶ್ರಮ ಅಲ್ಲಿಗೇ ಹೋಗುತ್ತದೆ, ಹೋಗಲಿ.

ನನ್ನ ಲೆಕ್ಕ ಹೀಗಿತ್ತು: ಅಗಲ 150 ಸೆಂ.ಮೀ., ಎತ್ತರ 40. ತ್ರಿಜ್ಯ ಸುಮಾರು 90 ಬರುತ್ತದೆ, ಅಂದರೆ ವೃತ್ತದ ಕೇಂದ್ರ ಕಮಾನು ಶುರುವಾಗುವ ಮಟ್ಟದಿಂದ 50 ಸೆಂ.ಮೀ. ಕೆಳಗೆ. ಅಲ್ಲಿ ಒಂದು ಮೊಳೆ ಹೊಡೆದು ದಾರ ಕಟ್ಟಿ, ಪ್ರತಿ ಸಂದೂ ಆ ದಾರದ ಗುಂಟವೇ ಬರುವ ಹಾಗೆ ಕಲ್ಲು ಕೂರಿಸುತ್ತಾ ಹೋಗಿ. 25 ಸೆಂ.ಮೀ. ಎತ್ತರದ ಹದಿನೈದು ಸಾಲು ಕಲ್ಲು ಬೇಕು, ಒಂದೊಂದೂ ಕೆಳಗೆ 12 ದಪ್ಪ, ಮೇಲೆ 15. ಆ ಮೂರು ಸೆಂ.ಮೀ. ವ್ಯತ್ಯಾಸವೇ ಸೇತುವೆಯನ್ನು ಹಿಡಿದಿಡುವುದು. ಉಳಿಯಲ್ಲಿ ಅಷ್ಟು ಕರಾರುವಾಕ್ಕಾಗಿ ಕೆತ್ತಲು ಆಗದಿದ್ದರೆ ಕೆಳಗಿನ ಅಂಚು ತಾಗಿಸಿಟ್ಟು, ಮೇಲಿನ ಸಂದಿಗೆ ಕಲ್ಲಿನ ಚಕ್ಕೆ ಬಿಗಿಯಾಗಿ ಬಡಿಯಿರಿ. ಕೆತ್ತುವಾಗ ಕನ್ನಡಕ, ಮಾಸ್ಕ್ ಎರಡೂ ಇರಲೇಬೇಕು, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಎಡಗಡೆ ಒಂದು ಸಾಲು, ಬಲಗಡೆ ಒಂದು ಸಾಲು, ಹೀಗೇ ಮೇಲಕ್ಕೆ ಬನ್ನಿ. ಒಂದೇ ಕಡೆ ಏರಿಸಿದರೆ ಸೆಂಟ್ರಿಂಗ್ ವಾಲುತ್ತದೆ. ನಡುವಿನ ಕೊನೆಯ ಕಲ್ಲನ್ನು ಮರದ ಕೊಡತಿಯಲ್ಲಿ ಮೆತ್ತಗೆ ಇಳಿಸಿ. ಮೊದಲು ದಬ್ ದಬ್ ಅನ್ನುತ್ತಿರುತ್ತದೆ, ಬಿಗಿಯಾದ ಕೂಡಲೇ ಸದ್ದು ಠಣ್ ಅಂತ ಬದಲಾಗುತ್ತದೆ, ಅಲ್ಲಿಗೆ ನಿಲ್ಲಿಸಿ.

ಸೆಂಟ್ರಿಂಗ್‌ನ ಕಾಲುಗಳ ಕೆಳಗೆ ಮೊದಲೇ ಮರದ ಬೆಣೆಗಳನ್ನು ಕೊಟ್ಟಿರಬೇಕು. ಕಮಾನಿನ ಎರಡು ಭುಜಗಳ ಮೇಲೂ ಸಮವಾಗಿ ಕಲ್ಲು ತುಂಬಿದ ಮೇಲೆ ಆ ಬೆಣೆಗಳನ್ನು ಆ ಕಡೆ ಸ್ವಲ್ಪ, ಈ ಕಡೆ ಸ್ವಲ್ಪ ಅಂತ ಸಡಿಲಿಸಿ. ಉದ್ದನೆಯ ಕೋಲಿನಿಂದ, ದೂರ ನಿಂತು. ಎರಡೂವರೆ ಅಡಿ ಅಗಲದ ಸೇತುವೆ ಅಂದರೆ ಕಮಾನಿನ ಕಲ್ಲೇ ಒಂದು ಟನ್ ಹತ್ತಿರ ಇರುತ್ತದೆ, ಸುಮ್ನೆ ಕೆಳಗೆ ತಲೆ ಹಾಕಬೇಡಿ. ಒಂದೆರಡು ಮಿಲಿಮೀಟರ್ ಇಳಿದರೆ ಗಾಬರಿ ಬೇಡ, ಅದು ಕಲ್ಲು ಕೂರುವ ರೀತಿ. ಎರಡನೇ ಸಲ ನಾನು ಮೂರನೇ ಬೆಣೆ ಸಡಿಲಿಸಿದಾಗ ಹಲಗೆಗೂ ಕಲ್ಲಿಗೂ ನಡುವೆ ಕೂದಲೆಳೆಯಷ್ಟು ಬೆಳಕು ಕಂಡಿತು.