ಮೆಲಟೋನಿನ್: ಎಷ್ಟು ಅನ್ನುವುದಕ್ಕಿಂತ ಎಷ್ಟೊತ್ತಿಗೆ

ಪ್ರಶ್ನೆ: ಡಾಕ್ಟರ್ರೇ, ನನಗ 42 ವರ್ಷ. ರಾತ್ರಿ ಒಂದೂವರಿ ಆದ್ರೂ ನಿದ್ದಿ ಹತ್ತೂದಿಲ್ಲ. ಔಷಧ ಅಂಗಡಿಯವರು ಮೆಲಟೋನಿನ್ 10 ಮಿಲಿಗ್ರಾಂ ಗುಳಿಗಿ ಕೊಟ್ರು. ಹನ್ನೊಂದೂವರಿಗೆ ನುಂಗಿ ಮಲಗ್ತೀನಿ. ನಿದ್ದಿ ಮೊದಲಿನ ಹೊತ್ತಿಗೇ ಬರ್ತದ, ಮ್ಯಾಲ ಮುಂಜಾನೆ ತಲಿ ಭಾರ. ಎರಡು ತೊಗೊಳ್ಳಲೇನು?
– ಗೃಹಿಣಿ, ಬೆಟಗೇರಿ, ಗದಗ

ಉತ್ತರ: ಬೇಡ. ಈಗ ನುಂಗುತ್ತಿರುವ ಒಂದೇ ನಿಮಗೆ ಹೆಚ್ಚಾಗಿದೆ.

ಮಿದುಳಿನ ಪೀನಿಯಲ್ ಗ್ರಂಥಿ ಕತ್ತಲಾದ ಮೇಲೆ, ನಮ್ಮ ರೂಢಿಯ ನಿದ್ದೆಗೆ ಸುಮಾರು ಎರಡು ತಾಸು ಮೊದಲೇ ಮೆಲಟೋನಿನ್ ಬಿಡಲು ಶುರು ಮಾಡುತ್ತದೆ. ‘ರಾತ್ರಿಯಾಯಿತು’ ಎಂದು ಮೈಗೆ ತಿಳಿಸುವುದಷ್ಟೇ ಅದರ ಕೆಲಸ. ನಿದ್ದೆಗುಳಿಗೆಯ ಹಾಗೆ ಹಿಡಿದು ಮಲಗಿಸುವುದಿಲ್ಲ. ರಕ್ತದಲ್ಲಿ ಸಹಜವಾಗಿ ಏರುವ ಮಟ್ಟ ಮುಟ್ಟಲು 0.3ರಿಂದ 0.5 ಮಿಲಿಗ್ರಾಂ ಸಾಕು. ಸಾದಾ ಗುಳಿಗೆ ರಕ್ತದಲ್ಲಿ ಮುಕ್ಕಾಲು ತಾಸಿಗೊಮ್ಮೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಲೆಕ್ಕ ಹಾಕಿ: ಹನ್ನೊಂದೂವರೆಗೆ ನುಂಗಿದ 10, ಐದು ಸಲ ಅರ್ಧವಾಗಿ 0.3ಕ್ಕೆ ಬರುವಷ್ಟರಲ್ಲಿ ಮೂರೂಕಾಲು ಆಗಿರುತ್ತದೆ. ಕೆಲವರ ಲಿವರ್ ಇದನ್ನು ಇನ್ನೂ ನಿಧಾನಕ್ಕೆ ಕರಗಿಸುತ್ತದೆ. ಅಂಥವರಿಗೆ ಬೆಳಗಾದರೂ ರಾತ್ರಿಯ ಸುದ್ದಿ ಮುಗಿದಿರುವುದಿಲ್ಲ, ತಲೆ ಭಾರ.

ಹೀಗೆ ಮಾಡಿ. ಸಾದಾ 3 ಮಿಲಿಗ್ರಾಂ ಗುಳಿಗೆ ಕೊಂಡು ನಾಲ್ಕು ಭಾಗ ಮಾಡಿ; ಒಂದು ಭಾಗ ಅಂದಾಜು 0.75. ಹನ್ನೊಂದಕ್ಕೆ ಮಲಗುವವರಾದರೆ ಒಂಬತ್ತರ ಸುಮಾರಿಗೆ ತೆಗೆದುಕೊಳ್ಳಿ. ಊಟಕ್ಕೂ ಗುಳಿಗೆಗೂ ಒಂದು ತಾಸು ಅಂತರವಿರಲಿ. ಆಮೇಲೆ ಟ್ಯೂಬ್‌ಲೈಟ್ ಆರಿಸಿ ಸಣ್ಣ ದೀಪ ಹಚ್ಚಿ. ಕಣ್ಣಿಗೆ ಬೆಳಕು ಹೊಡೆಯುತ್ತಿದ್ದರೆ ಗ್ರಂಥಿ ತನ್ನ ಪಾಲಿನ ಮೆಲಟೋನಿನ್ ಸುರಿಸುವುದಿಲ್ಲ. ಎರಡು ವಾರದಲ್ಲಿ ಗುಣ ಕಾಣದಿದ್ದರೆ ಅರ್ಧ ಗುಳಿಗೆ. 3 ಮಿಲಿಗ್ರಾಂ ದಾಟಬೇಡಿ. ಒಂದು ತಿಂಗಳಲ್ಲೂ ಫಲವಿಲ್ಲವೆಂದರೆ ನಿಲ್ಲಿಸಿ.

‘ಪ್ರೊಲಾಂಗ್ಡ್ ರಿಲೀಸ್’ ಅಥವಾ ‘ಎಸ್‌ಆರ್’ ಎಂದು ಬರೆದಿದ್ದರೆ ಮುರಿಯುವುದು, ಅಗಿಯುವುದು ಕೂಡದು. ರಾತ್ರಿಯಿಡೀ ಹನಿಹನಿಯಾಗಿ ಬಿಡಬೇಕಾದ ಔಷಧ ಒಮ್ಮೆಲೇ ಇಳಿಯುತ್ತದೆ.

ಇಷ್ಟಕ್ಕೂ ಆಸೆ ದೊಡ್ಡದಿಟ್ಟುಕೊಳ್ಳಬೇಡಿ. ಹಲವು ಪ್ರಯೋಗಗಳನ್ನು ಒಟ್ಟು ಮಾಡಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಮೆಲಟೋನಿನ್‌ನಿಂದ ನಿದ್ದೆ ಬೇಗ ಬಂದದ್ದು ಸರಾಸರಿ ಏಳು ನಿಮಿಷ ಮಾತ್ರ. ಸಂಜೆ ಏಳಕ್ಕೆ ಮಿರ್ಚಿ-ಮಂಡಕ್ಕಿ ಜೊತೆ ಕುಡಿವ ಚಹಾ ಬಿಟ್ಟರೆ ಅದಕ್ಕಿಂತ ಹೆಚ್ಚು ಸಿಕ್ಕೀತು. ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ದಾಟಿದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಗುಳಿಗೆಯೇ ಅಲ್ಲ. ಮಲಗುವ ರೂಢಿ, ಹಾಸಿಗೆಯಲ್ಲಿ ಕಳೆವ ಹೊತ್ತು, ನಿದ್ದೆಯ ಚಿಂತೆ ಇವನ್ನು ತಿದ್ದುವ ಸಿಬಿಟಿ-ಐ ಎಂಬ ವಿಧಾನ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಇದರ ಬಗ್ಗೆ ವಿಚಾರಿಸಿ.

ಪ್ರಶ್ನೆ: ಸರ್, ಕೆಎಎಸ್‌ಗೆ ಓದ್ತಿದ್ದೇನೆ. ಬೆಳಗಿನ ಜಾವ ಮೂರಕ್ಕೆ ನಿದ್ದೆ, ಹತ್ತಕ್ಕೆ ಎಚ್ಚರ. ನಿದ್ದೆ ಮಾತ್ರ ಗಟ್ಟಿ. ಮುಂದಿನ ತಿಂಗಳ ಪರೀಕ್ಷೆ ಬೆಳಿಗ್ಗೆ ಇದೆ. ಮಲಗುವಾಗ ಮೆಲಟೋನಿನ್ ತೆಗೆದುಕೊಳ್ಳಬಹುದೇ?
– ವಿದ್ಯಾರ್ಥಿ, ಸಪ್ತಾಪುರ, ಧಾರವಾಡ

ಉತ್ತರ: ಮೆಲಟೋನಿನ್ ನಿಜಕ್ಕೂ ಉಪಯೋಗಕ್ಕೆ ಬರುವುದು ನಿಮ್ಮಂಥವರಿಗೆ. ನಿಮ್ಮ ನಿದ್ದೆ ಕೆಟ್ಟಿಲ್ಲ, ಮೈಯೊಳಗಿನ ಗಡಿಯಾರ ತಡವಾಗಿದೆ. ಆದರೆ ಮಲಗುವಾಗ ಬೇಡ. ನಿದ್ದೆ ತಾನಾಗಿ ಬರುವ ಹೊತ್ತಿಗಿಂತ ಐದಾರು ತಾಸು ಮೊದಲು, ಅಂದರೆ ರಾತ್ರಿ ಒಂಬತ್ತು–ಹತ್ತರ ನಡುವೆ, 0.5ರಿಂದ 1 ಮಿಲಿಗ್ರಾಂ. ನಿದ್ದೆ ಹಿಂದಕ್ಕೆ ಸರಿದಂತೆ ಗುಳಿಗೆಯ ಹೊತ್ತನ್ನೂ ಹಿಂದಕ್ಕೆ ತನ್ನಿ. ಬೆಳಿಗ್ಗೆ ಎದ್ದು ನುಂಗಿದರೆ ಗಡಿಯಾರ ಇನ್ನೂ ತಡವಾಗುತ್ತದೆ. ನುಂಗಿದ ಮೇಲೆ ನಾಲ್ಕೈದು ತಾಸು ಬೈಕ್ ಮುಟ್ಟಬೇಡಿ.

ಉಳಿದರ್ಧ ಕೆಲಸ ಬಿಸಿಲಿನದು. ಎದ್ದ ಕೂಡಲೇ ಅರ್ಧ ತಾಸು ಬಯಲಿಗೆ ಹೋಗಿ. ಕೆಲಗೇರಿ ಕೆರೆಯ ಕಡೆಗಾದರೂ ಸರಿ, ಮಾಳಿಗೆಯ ಮೇಲಾದರೂ ಸರಿ. ಉಮೇದಿನಲ್ಲಿ ಮೊದಲ ದಿನವೇ ಆರಕ್ಕೆ ಎದ್ದು ಬಿಸಿಲಿಗೆ ನಿಂತರೆ ಉಲ್ಟಾ ಹೊಡೆಯುತ್ತದೆ: ಹತ್ತಕ್ಕೆ ಏಳುವ ಮೈಗೆ ಆರು ಅಂದರೆ ಇನ್ನೂ ನಡುರಾತ್ರಿ, ಆಗ ಬಿದ್ದ ಬೆಳಕು ನಿದ್ದೆಯನ್ನು ಮುಂದಕ್ಕೆ ತಳ್ಳುತ್ತದೆ. ಒಂಬತ್ತೂವರೆಯಿಂದ ಶುರು ಮಾಡಿ, ಎರಡು ದಿನಕ್ಕೊಮ್ಮೆ ಅರ್ಧ ತಾಸು ಬೇಗ ಏಳಿ. ಭಾನುವಾರ ಹತ್ತರವರೆಗೆ ಮಲಗಿದರೆ ವಾರದ ಗಳಿಕೆ ಹೋಯಿತು.

ಪ್ರಶ್ನೆ: ನಮ್ಮ ಅಪ್ಪಾಜಿಗೆ 68. ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮತ್ತು ಬಿಪಿ ಗುಳಿಗೆ ನಡೆದಿವೆ. ರಾತ್ರಿ ಎಂಟೂವರೆಗೆ ಮಲಗಿ ಮೂರೂವರೆಗೆ ಎದ್ದು ಕೂಡುತ್ತಾರೆ. ಮೆಲಟೋನಿನ್ ಕೊಡಬಹುದೇ?
– ಓದುಗರು, ಹಾವೇರಿ

ಉತ್ತರ: ವೈದ್ಯರನ್ನು ಕೇಳದೆ ಕೊಡಲೇಬೇಡಿ. ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವದ ಭಯವಿದೆ. ವೈದ್ಯರು ಒಪ್ಪಿದರೂ ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆಂದು ನೋಡುವ ಐಎನ್‌ಆರ್ ಪರೀಕ್ಷೆ ಬೇಗಬೇಗ ಆಗಬೇಕು. ಬಿಪಿಯ ನಿಫೆಡಿಪಿನ್ ತೆಗೆದುಕೊಳ್ಳುವವರಲ್ಲಿ ರಕ್ತದೊತ್ತಡ ಏರಿದ್ದುಂಟು. ಫ್ಲುವೋಕ್ಸಮಿನ್ ಎಂಬ ಮನೋರೋಗದ ಗುಳಿಗೆ ಮೆಲಟೋನಿನ್ ಮಟ್ಟವನ್ನು ಹಲವು ಪಟ್ಟು ಏರಿಸುತ್ತದೆ. ಮೂರ್ಛೆರೋಗ ಇರುವವರು, ಗರ್ಭಿಣಿಯರು, ಹಾಲುಣಿಸುವವರೂ ತಾವಾಗಿ ಶುರು ಮಾಡಬಾರದು.

ಅದಿರಲಿ, ಎಂಟೂವರೆಯಿಂದ ಮೂರೂವರೆ ಅಂದರೆ ಏಳು ತಾಸು. ಆ ವಯಸ್ಸಿಗೆ ಅಷ್ಟು ಸಾಕು. ಸಂಜೆ ಬೆಳಕಿರುವಾಗ ಅಡ್ಡಾಡಿಸಿ, ಹತ್ತರವರೆಗೆ ಎಚ್ಚರವಿಡಿ, ಎಚ್ಚರದ ಹೊತ್ತು ತಾನೇ ಮುಂದೆ ಹೋಗುತ್ತದೆ. ಮೂತ್ರಕ್ಕೆ ಏಳುತ್ತಿದ್ದರೆ ಬಿಪಿ ಗುಳಿಗೆಯಲ್ಲಿ ನೀರಿಳಿಸುವ ಔಷಧ ಇದೆಯೇ, ಸಂಜೆ ಕೊಡುತ್ತಿದ್ದೀರಾ ಎಂದು ವೈದ್ಯರಿಗೆ ತೋರಿಸಿ. ಜೋರಾಗಿ ಗೊರಕೆ ಹೊಡೆದು ನಡುವೆ ಉಸಿರು ಕಟ್ಟುತ್ತಿದ್ದರೆ ಅದು ಬೇರೆಯೇ ಕಾಯಿಲೆ, ಪರೀಕ್ಷೆ ಬೇಕು.

ಪ್ರಶ್ನೆ: ಏಳು ವರ್ಷದ ಮಗ ಹನ್ನೊಂದಾದರೂ ಮಲಗುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಮೆಲಟೋನಿನ್ ಗಮ್ಮಿ (ಅಗಿದು ತಿನ್ನುವ ಸಿಹಿ ಗುಳಿಗೆ) ಕೊಡಲೇ?
– ತಾಯಿ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಬೇಡ. ಆಟಿಸಂನಂಥ ತೊಂದರೆ ಇರುವ ಮಕ್ಕಳಿಗೆ ವೈದ್ಯರು ಕೊಡುತ್ತಾರೆ, ತಾವೇ ಅಳೆದು, ತಾವೇ ನೋಡಿಕೊಂಡು. ಗಮ್ಮಿಯ ಡಬ್ಬಿ ಮೇಲಿನ ಅಂಕಿ ನಂಬುವ ಹಾಗಿಲ್ಲ: ಅಮೆರಿಕದಲ್ಲಿ 25 ಬಗೆಯ ಗಮ್ಮಿ ಪರೀಕ್ಷಿಸಿ 2023ರಲ್ಲಿ ಪ್ರಕಟಿಸಿದ ವರದಿಯಂತೆ 22ರಲ್ಲಿ ಒಳಗಿದ್ದದ್ದು ಒಂದು, ಬರೆದದ್ದು ಇನ್ನೊಂದು. ಮೊದಲು ಮಲಗುವ ಒಂದು ತಾಸು ಮುಂಚೆ ಮೊಬೈಲ್ ತೆಗೆದಿಡಿ, ಮಧ್ಯಾಹ್ನದ ನಿದ್ದೆ ಬಿಡಿಸಿ, ರಜೆ ದಿನವೂ ಅದೇ ಹೊತ್ತಿಗೆ ಎಬ್ಬಿಸಿ. ಈಗಾಗಲೇ ಡಬ್ಬಿ ತಂದಿದ್ದರೆ ಕೀಲಿ ಹಾಕಿಡಿ. ಮಕ್ಕಳಿಗೆ ಅದು ಪೆಪ್ಪರಮೆಂಟೇ. ಹೆಚ್ಚು ತಿಂದದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ, ಡಬ್ಬಿ ಸಮೇತ ಆಸ್ಪತ್ರೆಗೆ ಒಯ್ಯಿರಿ.